ತಾವಾಗಿ ಏನನ್ನೂ ಮಾಡದ ಮಾವ

ನನ್ನ ಸೋದರಮಾವ ಒಂದು ಕೆಲಸವನ್ನೂ ತಾವಾಗಿ ಮಾಡಿದವರಲ್ಲ! ಸೋಮಾರಿ ಎಂದುಕೊಂಡಿರಾ? ಛೆ! ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು, ಮಿಂದು, ನರಿಮೊಗರಿಗೆ ನಡೆದು ಎಲ್ಲರಿಗಿಂತ ಮೊದಲು ಶಾಲೆಯ ಬಾಗಿಲು ತೆಗೆಯುವ ಮಾಸ್ತರು. ಆದರೆ ಅದನ್ನೆಲ್ಲ ಮಾಡಿದ್ದು ತಾವೆಂದು ಒಪ್ಪುತ್ತಿರಲಿಲ್ಲ, ಅಷ್ಟೆ.

ಐವತ್ತರ ದಶಕದ ಕೊನೆಗೆ ಮಂಗಳೂರಿಗೆ ತರಬೇತಿಗೆ ಹೋದವರು ಮನಶ್ಶಾಸ್ತ್ರವನ್ನು ತಲೆಗೆ ಹಚ್ಚಿಕೊಂಡು ಬಂದಿದ್ದರು. ಮನುಷ್ಯ ತಾನೇ ಆರಿಸುತ್ತೇನೆಂದುಕೊಳ್ಳುವುದು ಬರೀ ಭ್ರಮೆಯಂತೆ. ಹುಟ್ಟು, ಬೆಳೆದ ರೀತಿ, ಅಭ್ಯಾಸ ಇವೇ ಅವನನ್ನು ಕುಣಿಸುವುದಂತೆ!

ಒಮ್ಮೆ ಪುತ್ತೂರಿನ ಹೋಟೆಲಿನಲ್ಲಿ ತಿಂಡಿ ಕೊಡುವವನು ಕೇಳಿದ, "ಬನ್ಸಾ, ಗೋಳಿಬಜೆಯಾ?"

"ಆರಿಸ್ಲಿಕ್ಕೆ ನಾನು ಯಾರು? ಅದೆಲ್ಲ ಮೊದಲೇ ನಿಶ್ಚಯ ಆಗಿ ಉಂಟು," ಎಂದರು ಮಾವ.

ಅವನು ನಿನ್ನೆಯ ಬನ್ಸು ತಂದಿಟ್ಟ.

"ಇದೆಂತ ಮಾರಾಯ, ಕಲ್ಲಿನ ಹಾಗೆ ಉಂಟಲ್ಲ!"

"ನೀವು ಆರಿಸದಿದ್ರೆ ಉಳಿದದ್ದೇ ಬರುದು, ಮಾಸ್ಟ್ರೆ!"

ಅತ್ತೆಯೇನು ಕಡಿಮೆಯೇ? ಕುಂಬ್ರದ ಅಂಗಡಿಯಿಂದ ಬೆಂಕಿಪೆಟ್ಟಿಗೆ ತರಲು ಮರೆತ ಮಾವ, "ಮರೆತದ್ದು ನಾನಲ್ಲ, ಹಿಂದಿನ ಕಾರಣಗಳು," ಎಂದುಬಿಟ್ಟರು. ಅತ್ತೆ ನೆರೆಮನೆಯಿಂದ ಕೆಂಡ ತಂದು ಒಲೆ ಹೊತ್ತಿಸಿದರು. ಮರುದಿನ ಬಾಳೆಲೆಯಲ್ಲಿ ಬರೀ ಅನ್ನ!

"ಸಾರು ಎಲ್ಲಿ ಮಾರಾಯ್ತಿ?"

"ಸಾರು ಮಾಡದ್ದು ನಾನಲ್ಲ. ಹಿಂದಿನ ಕಾರಣಗಳು!"

ಮಾವನಿಗೆ ಸಿಟ್ಟು ಬಂತೇ? ಎಲ್ಲಿಂದ! ಬರೀ ಅನ್ನ ಉಣ್ಣುತ್ತ ಹಿರಿಹಿರಿ ಹಿಗ್ಗಿದರು: "ಇವಳಿಗೆ ಪೂರ್ತಿ ಅರ್ಥ ಆಯ್ತು!"

ಇಂಥ ಮಾವನ ಕೈಗೆ ನನ್ನ ಬದುಕು ಬಂದು ಬಿದ್ದದ್ದು ನಾನು ಎಸ್.ಎಸ್.ಎಲ್.ಸಿ. ಪಾಸಾದ ವರ್ಷ. ಆಲೆಟ್ಟಿಯಿಂದ ಸಂಬಂಧ ಬಂತು. ನನಗೋ ಮಂಗಳೂರಿಗೆ ಹೋಗಿ ಟೀಚರಾಗಲು ಕಲಿಯುವ ಆಸೆ. ಅದನ್ನು ಅಪ್ಪನ ಎದುರು ಹೇಳುವ ಧೈರ್ಯ ಯಾರಿಗಿತ್ತು? ಜಾತಕ ಕೂಡಿತು, ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕುಳಿತರು. ನಮ್ಮ ಮನೆಯ ಕ್ರಮದಲ್ಲಿ, ಹುಡುಗಿಯ ಸೋದರಮಾವ ವೀಳ್ಯದ ಹರಿವಾಣವನ್ನು ಅವರ ಕೈಗೆ ಕೊಟ್ಟರೆ ಮದುವೆ ನಿಶ್ಚಯವಾದಂತೆ. ಮನುಷ್ಯನ ಕೈಯಲ್ಲಿ ಏನೂ ಇಲ್ಲ ಎನ್ನುವವರಿಂದ ನಾನೇನು ನಿರೀಕ್ಷಿಸಲಿ?

ಮಾವ ಹರಿವಾಣ ಎತ್ತಿಕೊಂಡರು. ಜಗಲಿಯತ್ತ ಹೋಗಲಿಲ್ಲ, ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದ ನನ್ನ ಎದುರು ಬಂದು ನಿಂತರು.

"ಭಾವ, ಅಲ್ಲಿಗೆ ಎಂತಕ್ಕೆ ಹೋದದ್ದು?" ಎಂದರು ಅಪ್ಪ.

ಮಾವ ತಿರುಗಿ ನೋಡಲಿಲ್ಲ. "ನಿಂಗೆ ಎಂತ ಬೇಕು, ಮಗಳೇ?"

ಅಷ್ಟೂ ದಿನ ಆ ಮನೆಯಲ್ಲಿ ಯಾರೂ ನನ್ನನ್ನು ಕೇಳದಿದ್ದ ಮಾತು.

"ನಂಗೆ... ಕಲೀಬೇಕು, ಮಾವ."

"ಕೇಳಿತಲ್ಲ, ಭಾವ? ಈ ಹರಿವಾಣ ನಾನು ಕೊಡುದಿಲ್ಲ. ಬಂದವರು ಊಟ ಮಾಡಿಯೇ ಹೋಗ್ಲಿ. ಬೈಯುದಾದ್ರೆ ನಂಗೆ ಬೈಯಿ."

ಸ್ವರ ಗಟ್ಟಿಯಾಗಿಯೇ ಇತ್ತು. ಹರಿವಾಣದಲ್ಲಿ ಅಡಕೆಗಳು ಮಾತ್ರ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.