ಅತ್ತೆಯ ಕಾಟೇಜು ಮತ್ತು ಎಡಗೈ ಕುಂಕುಮ

ಕುಕ್... ಕುಕ್... ಕುಕ್... ಕುಂಬಾರಕೊಪ್ಪಲಿನ ನಮ್ಮ ಬೀದಿಯ ತುದಿಯಲ್ಲಿದ್ದ ಹಿಟ್ಟಿನ ಗಿರಣಿಯ ಎಂಜಿನ್ನು ದಿನವಿಡೀ ಹೀಗೆ ಬಿಕ್ಕಳಿಸುತ್ತಿತ್ತು. ಐವತ್ತರ ದಶಕದ ಮೈಸೂರು ಎಂದರೆ ಜನಕ್ಕೆ ಅರಮನೆಯ ಬ್ಯಾಂಡು ನೆನಪಾಗುತ್ತದಂತೆ, ಮಲ್ಲಿಗೆಯ ಪರಿಮಳ ನೆನಪಾಗುತ್ತದಂತೆ. ಐ ಆಮ್ ಸೋ ಸಾರಿ, ನನಗೆ ನೆನಪಾಗುವುದು ಆ ಬಿಕ್ಕಳಿಕೆ ಮತ್ತು ಮೂಗಿನೊಳಗೆ ಹೊಕ್ಕ ಗೋಧಿಹಿಟ್ಟು. ಗಿರಣಿಗೆ ಡಬ್ಬ ಹೊತ್ತು ಹೋಗಿ, ಅದರ ತಗಡಿನ ಜಗುಲಿಯಲ್ಲಿ ಸರದಿ ಕಾಯುವುದು ಸೊಸೆಯಾದ ನನ್ನ ಪಾಲಿನ ಕೆಲಸವಾಗಿತ್ತು. ನಮ್ಮತ್ತೆ ಮಡಿಯವರು, ಅಲ್ಲಿಗೆ ಕಾಲಿಡುವವರಲ್ಲ. ಮನೆಯಲ್ಲೇ ಕೂತು, ನಾನು ತಂದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ತೀರ್ಪು ಕೊಡುತ್ತಿದ್ದರು: “ರಾಗಿ ಬೀಸಿದ ಮೇಲೆ ನಮ್ಮ ಗೋಧಿ ಹಾಕಿದಾನೆ ಕಣೇ. ನೀನು ಅಲ್ಲಿ ಕಣ್ಣು ಬಿಟ್ಕೊಂಡು ಏನು ನೋಡ್ತಾ ನಿಂತಿದ್ದೆ?”

ನನ್ನ ಮೇಲೆ ಅತ್ತೆಗಿದ್ದ ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ನಾನು ಎಡಚಿ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಗೆಣ್ಣಿಗೆ ರೂಲರಿನಿಂದ ಕೊಟ್ಟು ಕೊಟ್ಟು ನನ್ನ ಬರೆಯುವ ಕೈಯನ್ನೇನೋ ತಿದ್ದಿದರು. ಬಡಿಸುವ ಕೈ ಅವರ ಸಿಲಬಸ್ಸಿನಲ್ಲಿರಲಿಲ್ಲ. ಹಾಗಾಗಿ ಪಂಕ್ತಿಯಲ್ಲಿ ಸಾರಿನ ಸೌಟು ತಾನಾಗಿ ಎಡಗೈಗೆ ಬರುತ್ತಿತ್ತು. ಮನೆಗೆ ಬಂದ ಮುತ್ತೈದೆಯರಿಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದರೆ ಎಡಗೈ ಬೆರಳೇ ಮೊದಲು ಕುಂಕುಮದೊಳಗೆ ಇಳಿಯುತ್ತಿತ್ತು. “ಅಯ್ಯೋ, ಬಲಗೈ, ಬಲಗೈ!” ಎಂದು ಅತ್ತೆ ಹಿಂದಿನಿಂದ ಪಿಸುಗುಟ್ಟುತ್ತಿದ್ದರು. ಆ ಪಿಸುಮಾತು ಮೇಟಗಳ್ಳಿಯವರೆಗೂ ಕೇಳಿಸುವಂಥದ್ದು.

ಇಂಥ ಮನೆಗೆ ಒಂದು ದಿನ ತೀರಿಹೋಗಿದ್ದ ಅತ್ತೆಯ ಅಣ್ಣನ ಹಳೇ ಟ್ರಂಕಿನಿಂದ, ಪಂಚೆಯ ಚೂರಿನಲ್ಲಿ ಸುತ್ತಿದ ಗಾಜಿನ ನೆಗೆಟಿವ್ ಒಂದು ಬಂತು. ಅತ್ತೆಯ ತಂದೆ ಒಬ್ಬ ಇಂಗ್ಲಿಷ್ ದೊರೆಗೆ ಕನ್ನಡ ಹೇಳಿಕೊಡುವ ಮುನ್ಷಿಯಾಗಿದ್ದರು. ಆ ದೊರೆ ತನ್ನ ಕಾಂಪೌಂಡಿನ ಮೂಲೆಯಲ್ಲಿದ್ದ ಪುಟ್ಟ ಕಾಟೇಜನ್ನು ಇವರ ಸಂಸಾರಕ್ಕೆ ಬಿಟ್ಟುಕೊಟ್ಟಿದ್ದ. ಅತ್ತೆ ಹುಟ್ಟಿದ್ದು ಅಲ್ಲೇ. ಫೋಟೋ ತೆಗೆದವನು ಆ ದೊರೆಯೇ. ತಂದೆ ತೀರಿಹೋದಾಗ ಇನ್ನೂ ಲಂಗ ಉಡುವ ಮಗುವಾಗಿದ್ದ ಅತ್ತೆ ಅಜ್ಜಿಯ ಊರು ಸೇರಿದರು. ನಮ್ಮ ಮಾವನವರನ್ನು ಮದುವೆಯಾಗಿ ಮೈಸೂರಿಗೆ ಮರಳುವ ಹೊತ್ತಿಗೆ ದೊರೆಯೂ ಇಲ್ಲ, ಕಾಂಪೌಂಡೂ ಇಲ್ಲ, ಎಲ್ಲಿತ್ತೆಂದು ಹೇಳುವವರೂ ಇಲ್ಲ. “ಬಾಗಿಲಾಚೆ ಕಲ್ಲುಬೆಂಚಿತ್ತು. ಅಮ್ಮ ಅದರ ಮೇಲೆ ಕೂರಿಸ್ಕೊಂಡು ಜಡೆ ಹಾಕೋಳು. ರೈಲು ಕೂಗೋದು ಕೇಳಿಸ್ತಿತ್ತು” ಎನ್ನುವುದಷ್ಟೇ ಅವರಲ್ಲಿ ಉಳಿದಿದ್ದ ಆಸ್ತಿ.

ನನ್ನ ಯಜಮಾನರು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಗಾಜನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ತಂದರು. ಹೆಂಚಿನ ಕಾಟೇಜು, ಬಾಗಿಲ ಪಕ್ಕದಲ್ಲೊಂದು ಗುಂಡು ಕಿಟಕಿ, ಮೆಟ್ಟಿಲ ಮೇಲೆ ನಿಂತು ದೊರೆಸಾನಿಗೆ ಕುಂಕುಮ ಇಡುತ್ತಿರುವ ಅತ್ತೆಯ ತಾಯಿ, ಹಿಂದೆ ದೂರದಲ್ಲಿ ಚಾಮುಂಡಿಬೆಟ್ಟ. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಚಿತ್ರವನ್ನು ಮೂಗಿಗೆ ತಾಗಿಸಿಕೊಂಡು ನೋಡಿ, “ಬೆಳ್ಳಗೆ ಏನೋ ಇದೆ, ಕಪ್ಪಗೆ ಏನೋ ಇದೆ. ಆ ಬೆಂಚಿನ ಮೇಲೆ ಒಂದ್ಸಲ ಕೂತ್ಬಿಟ್ರೆ ಸಾಕಪ್ಪ, ಕಣ್ಣು ಪೂರ್ತಿ ಹೋಗೋದ್ರೊಳಗೆ” ಎಂದರು. ಆಪರೇಷನ್ ಮಾತೆತ್ತಿದರೆ, ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವವಳು ತಾನಲ್ಲ ಎಂದು ಒಳಗೆ ಹೋಗಿಬಿಡುತ್ತಿದ್ದರು.

ಯಜಮಾನರು ಬೆಟ್ಟ ಹಿಡಿದುಕೊಂಡು ಹೊರಟರು. ಅವರ ಥಿಯರಿ ಬಹಳ ಸೈಂಟಿಫಿಕ್. ನಮ್ಮ ಊರಿನ ಕಡೆಯಿಂದ ನೋಡಿದರೆ ಬೆಟ್ಟದ ಬೆನ್ನು ಒಂದು ದಿಕ್ಕಿಗೆ ಇಳಿಯುತ್ತದೆ, ಫೋಟೋದಲ್ಲಿ ಅದರ ವಿರುದ್ಧ ದಿಕ್ಕಿಗೆ ಇಳಿದಿದೆ. ಆದ್ದರಿಂದ ಕಾಟೇಜು ಬೆಟ್ಟದ ಹಿಂದುಗಡೆ ಇರಲೇಬೇಕು! ಭಾನುವಾರ ಬಂತೆಂದರೆ ಟಾಂಗಾ, ಬುತ್ತಿ, ಛತ್ರಿ, ಮಧ್ಯೆ ಫ್ರೇಮ್ ಹಿಡಿದು ಕೂತ ಅತ್ತೆ. ಬೆಟ್ಟದ ಹಿಂದಿನ ಹೊಲಗಳಲ್ಲಿ ನಮ್ಮ ಮೆರವಣಿಗೆ ನೋಡಿ ಉಳುತ್ತಿದ್ದವರೊಬ್ಬರು ನೇಗಿಲು ನಿಲ್ಲಿಸಿ, “ಯಾವ ದೇವ್ರು ಸ್ವಾಮಿ? ಎತ್ಕೊಂಡ್ ಎಲ್ಲಿಗ್ ಹೊಂಟ್ರಿ?” ಎಂದು ಕೇಳಿ ಫೋಟೋಗೆ ಕೈ ಮುಗಿದರು. ದೊರೆಸಾನಿಗೆ ಅಷ್ಟು ಭಕ್ತಿ ಲಂಡನ್ನಿನಲ್ಲೂ ಸಿಕ್ಕಿರಲಾರದು. ಪ್ರತಿ ಸಲವೂ ಅತ್ತೆ ಮನೆಗೆ ಬಂದು, ಕಾಲು ತೊಳೆದು, ಊಟವನ್ನೂ ಬಿಟ್ಟು ಮಲಗಿಬಿಡುತ್ತಿದ್ದರು. ಅದು ಮಾತ್ರ ನನ್ನಿಂದ ನೋಡಲಾಗುತ್ತಿರಲಿಲ್ಲ.

ಹಾಗಂತ ನಾನು ಸಂತಳೇನಲ್ಲ. ಒಂದು ಶುಕ್ರವಾರ ಮತ್ತೆ ಎಡಗೈ ಕುಂಕುಮದ ಗಲಾಟೆ ನಡೆಯಿತು. ಪಕ್ಕದ ಮನೆಯವರ ಮುಂದೆಯೇ ಬೈಸಿಕೊಂಡಿದ್ದೆ. ಅವರು ಹೋದ ಮೇಲೆ ಗೋಡೆಯ ಫೋಟೋ ಮುಂದೆ ನಿಂತು, ಅತ್ಯಂತ ಸ್ವೀಟ್ ಆದ ದನಿಯಲ್ಲಿ ಹೇಳಿದೆ: “ಅತ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮಮ್ಮನೂ ಕುಂಕುಮ ಇಡ್ತಿರೋದು ಎಡಗೈಲೇ.”

“ಏನಂದೆ?”

“ಬೇಕಾದ್ರೆ ನಿಮ್ಮ ಮಗನ್ನ ಕೇಳಿ.”

ಯಜಮಾನರು ಬಗ್ಗಿ ನೋಡಿ, “ಹೌದಲ್ಲಮ್ಮ, ಎಡಗೈ” ಎಂದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆ ಮನೆತನದಲ್ಲಿ ನನಗೊಬ್ಬಳು ಜೊತೆ ಸಿಕ್ಕಿದ್ದಳು, ಅದೂ ಅತ್ತೆಯ ಹೆತ್ತ ತಾಯಿ!

ಅತ್ತೆ ಎದ್ದು ನಿಂತರು. “ನಮ್ಮಮ್ಮ? ಎಡಗೈಲಿ ಕುಂಕುಮ? ಸೂರ್ಯ ಪಡುವಲಲ್ಲಿ ಹುಟ್ಟಿದ ಅನ್ನು, ನಂಬ್ತೀನಿ. ಆ ಫೋಟೋನೇ ಸುಳ್ಳು ಕಣೋ! ಬಿಸಾಡು ಅದನ್ನ!”

ಯಜಮಾನರು ನಗಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಆಮೇಲೆ ಫ್ರೇಮನ್ನು ಗೋಡೆಯಿಂದ ಇಳಿಸಿ, ನಡುಮನೆಯಲ್ಲಿ ನಾವು ತಲೆ ಬಾಚಿಕೊಳ್ಳುವ ಕನ್ನಡಿಯ ಮುಂದೆ ಹಿಡಿದರು. ಕನ್ನಡಿಯಲ್ಲಿ ಅತ್ತೆಯ ತಾಯಿ ಬಲಗೈಯಿಂದ ಕುಂಕುಮ ಇಡುತ್ತಿದ್ದರು. ಬೆಟ್ಟ ನಮ್ಮ ಹಿತ್ತಲಿನಿಂದ ಕಾಣುವ ಬೆಟ್ಟವೇ ಆಗಿತ್ತು. ಸ್ಟುಡಿಯೋದವನು ಗಾಜನ್ನು ಹಿಂದುಮುಂದಾಗಿ ಇಟ್ಟು ಪ್ರಿಂಟ್ ಹಾಕಿದ್ದ.

ನಾನು ಕನ್ನಡಿಯೊಳಗಿನ ಗುಂಡು ಕಿಟಕಿ ನೋಡಿದೆ. ಬಾಗಿಲಿನ ಬಲಕ್ಕೆ ಗುಂಡು ಕಿಟಕಿ. ಅದರಿಂದ ಒಂದು ಹೊಗೆ ಕೊಳವೆ ಹೊರಗೆ ಚಾಚಿಕೊಂಡಿದ್ದರೆ? ಮುಂದಿನ ಜಗುಲಿಗೆ ತಗಡು ಹೊಡೆದಿದ್ದರೆ? “ಓ ಮೈ ಗಾಡ್” ಎಂದೆ. ಬೀದಿಯ ತುದಿಯಿಂದ ಕುಕ್, ಕುಕ್, ಕುಕ್ ಎಂದು ಉತ್ತರ ಬಂತು.

ಅತ್ತೆ ಅಂದು ಮೊದಲ ಬಾರಿಗೆ ಗಿರಣಿಗೆ ಬಂದರು, ನನ್ನ ತೋಳು ಹಿಡಿದುಕೊಂಡು. ಗಿರಣಿ ಗೌಡರು ಹಿಟ್ಟು ಮೆತ್ತಿದ ಹುಬ್ಬು ಏರಿಸಿ, “ಏನವ್ವಾ, ನೀವೇ ಬಂದ್ಬುಟ್ರಾ? ಹಿಟ್ಟು ಅಷ್ಟೊಂದು ತರಿಯಾಗ್ಬುಟ್ಟಿತ್ತಾ?” ಎಂದರು. ವಿಷಯ ಕೇಳಿದ ಮೇಲೆ ಬಾಗಿಲ ಪಕ್ಕದಲ್ಲಿ ಪೇರಿಸಿದ್ದ ಮೂಟೆಗಳನ್ನು ಇಳಿಸಿದರು. ಕೆಳಗೆ ಕಲ್ಲುಬೆಂಚು! ಅದರ ಮೇಲಿನ ಮೂಟೆಗಳಿಗೆ ಆತುಕೊಂಡೇ ನಾನು ವರ್ಷಗಟ್ಟಲೆ ಸರದಿ ಕಾದಿದ್ದೆ.

“ಒಸಿ ಎಂಜಿನ್ ನಿಲ್ಲುಸ್ತೀನಿ ಕಣವ್ವ, ಕೂತ್ಕಳಿ” ಎಂದರು ಗೌಡರು. ಬಿಕ್ಕಳಿಕೆ ನಿಂತಿತು. ಅತ್ತೆ ಕೂತರು. ಕಲ್ಲಿನ ಅಂಚನ್ನು ಮೆಲ್ಲಗೆ ಸವರಿದರು, ಹಿಟ್ಟನ್ನು ಉಜ್ಜಿ ನೋಡುವ ಅದೇ ಎರಡು ಬೆರಳಲ್ಲಿ. ಸ್ವಲ್ಪ ಹೊತ್ತಿಗೆ ದೂರದಲ್ಲಿ ರೈಲು ಕೂಗಿತು. “ಇದೇ ಕಣೇ” ಎಂದರು. ಅವರ ಮಡಿ ಸೀರೆಯ ತುಂಬ ರಾಗಿಹಿಟ್ಟು. ಕಣ್ಣೊರೆಸಿಕೊಂಡು ಎದ್ದವರು ಗೌಡರ ಕಡೆ ತಿರುಗಿ, “ನೋಡಪ್ಪ, ಇದು ನಾನು ಹುಟ್ಟಿದ ಮನೆ. ಇನ್ಮೇಲಾದ್ರೂ ರಾಗಿ ಆದ ಮೇಲೆ ನಮ್ಮ ಗೋಧಿ ಹಾಕ್ಬೇಡ” ಎಂದರು.

ಮನೆಯಲ್ಲಿ ಎಲ್ಲರಿಗೂ ಖುಷಿ. ನಷ್ಟ ಆದದ್ದು ನನಗೊಬ್ಬಳಿಗೆ. ಸಿಕ್ಕ ಒಬ್ಬಳೇ ಎಡಚಿ ಸಂಗಾತಿಯನ್ನು ಕನ್ನಡಿ ಕಿತ್ತುಕೊಂಡಿತ್ತು. ಪಿಸುಮಾತು ಮೊದಲಿಗಿಂತ ಜೋರಾಯಿತು: “ಬಲಗೈ! ನಮ್ಮಮ್ಮನ ಫೋಟೋ ನೋಡಿ ಕಲಿ!”

ಕೆಲವು ವರ್ಷಗಳ ನಂತರ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡರು. ಆರೈಕೆಗೆಂದು ಮಗಳ ಊರಾದ ಹಾಸನಕ್ಕೆ ಮಾವನವರ ಜೊತೆ ಹೊರಟಾಗ, ಸ್ಟೇಷನ್ನಿನಲ್ಲಿ ಕಿಟಕಿಯ ಪಕ್ಕ ನಿಂತಿದ್ದೆ. ಅವರು ಮಡಿಲಲ್ಲಿದ್ದ ಭರಣಿಯನ್ನು ಹೇಗೋ ತೆಗೆದು, ಸರಳಿನ ಸಂದಿಯಿಂದ ಕೈ ಚಾಚಿ, ತಡಕಾಡಿ ನನ್ನ ಹಣೆಗೆ ಕುಂಕುಮ ಇಟ್ಟರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. “ಅತ್ತೆ, ಎಡಗೈ!” ಎಂದು ಪಿಸುಗುಟ್ಟಿದೆ.

“ಸುಮ್ನಿರೇ, ಕಾನ್ವೆಂಟು. ಮನೆಗೆ ಹೋಗಿ ಕನ್ನಡೀಲಿ ನೋಡ್ಕೋ, ಬಲಗೈ ಆಗಿರತ್ತೆ.”

ರೈಲು ಹೊರಟಿತು. ಕಿಟಕಿಯಿಂದ ಅವರ ಎಡಗೈ ಆಡುತ್ತಿತ್ತು. ನಾನೂ ಎಡಗೈಯನ್ನೇ ಬೀಸಿದೆ, ಮನಸಾರೆ. ಬೈಯುವವರು ದೂರವಾಗುತ್ತಾ ದೂರವಾಗುತ್ತಾ ತಿರುವಿನಲ್ಲಿ ಮರೆಯಾದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.