ಮೂರನೇ ಮಾಳಿಗೆಯ ಬಸಳೆಯವರಿಗೆ ಹದಿನೇಳನೇ ನಂಬರಿನ ರೋಗಿಯ ದೂರು

ಇವರಿಗೆ,
ಶ್ರೀಮತಿ ಬಸಳೆ ಬಳ್ಳಿಯವರು,
ಅಡುಗೆಮನೆ ಕಿಟಕಿಯ ಗ್ರಿಲ್, ಮೂರನೇ ಮಾಳಿಗೆ, ಬಿ ವಿಂಗ್,
ಡೊಂಬಿವಲಿ ಪೂರ್ವ.

ಮಾನ್ಯರೇ,

ತಮ್ಮ ಬುಡಕ್ಕೆ ಅಕ್ಕಿ ತೊಳೆದ ನೀರು ಎಂದೂ ತಪ್ಪದಿರಲಿ, ತಮ್ಮ ಕುಡಿಯ ಮೇಲೆ ಸೊಸೈಟಿಯ ಪಾರಿವಾಳಗಳ ದೃಷ್ಟಿ ಬೀಳದಿರಲಿ ಎಂದು ಹಾರೈಸಿ, ಅದೇ ಕಿಟಕಿಯ ಒಳಬದಿಯಲ್ಲಿ ವಾಸವಾಗಿರುವ ವಸಂತಕುಮಾರನಾದ ನಾನು ಮಾಡಿಕೊಳ್ಳುವ ವಿಜ್ಞಾಪನೆ. ಹನ್ನೊಂದು ವರ್ಷದ ಹಿಂದೆ ಕಾಪುವಿನಿಂದ ಒದ್ದೆ ಪೇಪರು ಸುತ್ತಿಕೊಂಡು, ನನ್ನ ಹೆಂಡತಿ ಅಕ್ಕುವಿನ ಬ್ಯಾಗಿನಲ್ಲಿ ಟಿಕೇಟಿಲ್ಲದೆ ಬಂದಿಳಿದ ಒಂದು ಗೇಣು ದಂಟು ತಾವು. ಇಂದು ಪೇಂಟಿನ ಡಬ್ಬದಲ್ಲಿ ಬೇರೂರಿ, ಗ್ರಿಲ್ಲನ್ನು ಪೂರ್ತಿ ವಶಪಡಿಸಿಕೊಂಡು, ನಾಲ್ಕನೇ ಮಾಳಿಗೆಯವರ ಬಟ್ಟೆ ಹಗ್ಗಕ್ಕೂ ಕೈಹಾಕಿದ್ದೀರಿ. ಮೂವತ್ತೆಂಟು ವರ್ಷ ಇದೇ ಊರಿನ ಹೊಟೇಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೂ ಇಷ್ಟು ಜಾಗ ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಅಭಿನಂದನೆಗಳು.

ಇನ್ನು ದೂರಿಗೆ ಬರುತ್ತೇನೆ. ಕಳೆದ ವರ್ಷ ನನ್ನ ಹೃದಯದಲ್ಲಿ ಲೋಹದ ಕವಾಟವೊಂದನ್ನು ಕೂರಿಸಿದ್ದು ತಮಗೆ ತಿಳಿದಿದೆ. ಫ್ಯಾನು ನಿಲ್ಲಿಸಿದರೆ ಅದರ ಟಿಕ್ ಟಿಕ್ ಕಿಟಕಿಯವರೆಗೂ ಕೇಳಿಸುತ್ತದೆ. ಅದಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳದಂತೆ ನಾನು ದಿನವೂ ಸಂಜೆ ಏಳಕ್ಕೆ ರಕ್ತ ತೆಳು ಮಾಡುವ ಗುಳಿಗೆ ನುಂಗಬೇಕು. ಎಷ್ಟು ತೆಳುವಾಗಿದೆಯೆಂದು ಹೇಳುವ ಪರೀಕ್ಷೆಯ ನಂಬರೊಂದು ಇದೆ, ಅದು ಎರಡೂವರೆ ಮತ್ತು ಮೂರೂವರೆಯ ನಡುವೆ ಇರಬೇಕು. ಕೆಳಗಿಳಿದರೆ ಹೆಪ್ಪುಗಟ್ಟಿ ಹೋಗುತ್ತೇನೆ, ಮೇಲೇರಿದರೆ ಸೋರಿ ಹೋಗುತ್ತೇನೆ. ಬೆಳಗಿನ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ನೇತಾಡುವವನ ಸ್ಥಿತಿ ನನ್ನದು: ಒಳಗೆ ಜಾಗವಿಲ್ಲ, ಹೊರಗೆ ವಾಲಿದರೆ ಗತಿಯಿಲ್ಲ.

ಈ ನಂಬರು ಮೊದಲು 1.6 ಬಂತು. ಡಾಕ್ಟರು ಗುಳಿಗೆ ಏರಿಸಿದರು. ಮುಂದಿನ ಬಾರಿ 5.4 ಬಂದು, ಹಲ್ಲುಜ್ಜಿದರೆ ಬೇಸಿನ್ ಕುಂಕುಮದ ಭರಣಿಯಂತಾಯಿತು. ಡಾಕ್ಟರು ಗುಳಿಗೆ ಇಳಿಸಿದರು. ಮತ್ತೆ 1.7. ಡಾಕ್ಟರು ಕನ್ನಡಕ ಕೆಳಗಿಳಿಸಿ, "ಕಾಕಾ, ಖರಂ ಸಾಂಗಾ, ಗೋಳಿ ವಿಸರತಾ ನಾ?" ಎಂದು, ಗುಳಿಗೆ ಮರೆಯುತ್ತೇನೆಂಬ ನಿಜ ಹೇಳಲು ಒತ್ತಾಯಿಸಿದರು. ನಾನು ಒಂದು ದಿನವೂ ಮರೆತವನಲ್ಲವೆಂದು ನಮ್ಮೂರ ದೈವ ಕೊರಗಜ್ಜನ ಮೇಲೆ ಆಣೆಯಿಟ್ಟೆ. ಅವರಿಗೆ ಕೊರಗಜ್ಜನ ಪರಿಚಯವಿರಲಿಲ್ಲ. ಪರಿಚಯವಿದ್ದ ಅಕ್ಕುವೂ ನಂಬಲಿಲ್ಲ. ಅಂದಿನಿಂದ ಸಂಜೆ ಏಳಕ್ಕೆ ಟಾರ್ಚು ಹಿಡಿದು ಎದುರು ನಿಲ್ಲತೊಡಗಿದಳು: "ಬಾಯಿ ಅಗಲಿಸಿ ಮಾರಾಯ್ರೆ. ನಾಲಗೆ ಎತ್ತಿ, ನೋಡುವ. ಗುಳಿಗೆ ಅಡಗಿಸ್ಲಿಕ್ಕೆ ನಿಮ್ಮ ಬಾಯಲ್ಲಿ ಜಾಗಕ್ಕೇನು ಕಮ್ಮಿ?"

ಈ ಎಲ್ಲ ಹೊತ್ತಿನಲ್ಲೂ, ಮಾನ್ಯರೇ, ತಾವು ಗಾಳಿಗೆ ತಲೆಯಾಡಿಸುತ್ತ ಕಿಟಕಿಯಾಚೆ ನಿಂತಿದ್ದಿರಿ.

ಇಲ್ಲಿ ನನ್ನ ತಂಗಿಯ ಮಗಳು, ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಮಾನಸಿಯ ವಿಷಯ ಹೇಳಲೇಬೇಕು. ಅವಳು ಆರು ವರ್ಷ ಓದಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದಾಳೆ. ಎಂದರೆ, ಡಾಕ್ಟರು ಬರೆದ ಔಷಧಿ ರೋಗಿಯ ಹೊಟ್ಟೆಗೆ ಹೋದ ಮೇಲೆ ಏನು ಉಪಕಾರ, ಏನು ಉಪದ್ರ ಮಾಡಿತೆಂದು ಬೆನ್ನುಹತ್ತುವ ಕೆಲಸ. ಅವಳ ಅಪ್ಪ ಜಯಶೀಲನಿಗೆ ಇದು ಇಂದಿಗೂ ತಲೆಗೆ ಹೋಗಿಲ್ಲ. "ಅಷ್ಟೆಲ್ಲಾ ಓದಿದ್ದಿ, ಮೆಡಿಕಲ್ ಶಾಪ್ ಎಲ್ಲಿ ಹಾಕ್ತಿ ಮಗಾ?" ಎಂದು ಪ್ರತಿ ಗಣೇಶ ಚೌತಿಗೆ ಕೇಳುತ್ತಾನೆ. ರಬಾಳೆಯ ಆಚೆಗಿರುವ ಅವಳ ಆಸ್ಪತ್ರೆಯವರೂ ಜಯಶೀಲನಿಗಿಂತ ಬಹಳ ಮುಂದೆ ಹೋದವರಲ್ಲ. ಅವಳ ಮೇಜನ್ನು ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲಿ ಹಾಕಿರುವುದರಿಂದ ದಿನಕ್ಕೆ ನೂರು ಜನ ಬಂದು ಅವಳಲ್ಲಿ ಚಿಲ್ಲರೆ ಕೇಳುತ್ತಾರೆ.

ಆ ಮೇಜಿಗೂ ಮಾರ್ಚ್ ತಿಂಗಳ ಗಡುವಿತ್ತು. ಫಾರ್ಮಸಿಸ್ಟ್ ಕೂತು ಮಾತಾಡಿದರೆ ರೋಗಿಗಳ ನಂಬರು ಹದ್ದುಬಸ್ತಿಗೆ ಬರುತ್ತದೆಂದು ನಲವತ್ತು ಜನರ ಅಧ್ಯಯನದಲ್ಲಿ ಸಾಬೀತು ಮಾಡಿದರೆ ಹುದ್ದೆ ಉಳಿಯುತ್ತದೆ, ಇಲ್ಲದಿದ್ದರೆ ಆ ಜಾಗಕ್ಕೆ ನೀರಿನ ಕೂಲರ್ ಬರುತ್ತದೆ. ಮೂವತ್ತೊಂಬತ್ತು ಜನರ ಗೆರೆಗಳು ಅವಳ ಕಾಗದದ ಮೇಲೆ ಸುಮಾರಾಗಿ ಮಟ್ಟಸವಾಗಿದ್ದವು. ಹದಿನೇಳನೇ ನಂಬರಿನ ರೋಗಿಯ ಗೆರೆ ಮಾತ್ರ ಕಸಾರಾ ಘಾಟಿಯಂತೆ ಏರಿಳಿಯುತ್ತಿತ್ತು. ಆ ಘಾಟಿ ನಾನು.

ಅವಳು ನನ್ನನ್ನು ವಿಚಾರಿಸಲಿಲ್ಲವೆಂದಲ್ಲ. ಎರಡು ಪುಟದ ಫಾರ್ಮು ಹಿಡಿದು, ಈ ಗುಳಿಗೆಗೆ ಸೊಪ್ಪು ಆಗಿಬರುವುದಿಲ್ಲ, ಅದರ ಬಲ ಕುಗ್ಗಿಸುತ್ತದೆಂದು ವಿವರಿಸಿ, "ಮಾಮ, ಪಾಲಕ್ ಖಾತೇ ಹೋ? ಮೇಥಿ? ಬ್ರೊಕೊಲಿ?" ಎಂದು ಒಂದೊಂದಾಗಿ ಕೇಳಿದಳು. ಇಲ್ಲ, ಇಲ್ಲ, ಅದೇನೆಂದೇ ಗೊತ್ತಿಲ್ಲ ಎಂದೆ. "ಕೋಯಿ ಭೀ ಸೊಪ್ಪು?" ಎಂದಳು. ನಾನು ಎದೆಯುಬ್ಬಿಸಿ, "ನಾವು ಮೀನು ತಿನ್ನುವ ಜನ ಮಾರಾಯ್ತಿ, ಸೊಪ್ಪು ತಿನ್ಲಿಕ್ಕೆ ನಾವೇನು ಆಡಾ?" ಎಂದೆ. ನಾನು ಸುಳ್ಳು ಹೇಳಲಿಲ್ಲ, ಮಾನ್ಯರೇ. ನಮ್ಮ ಮನೆಯಲ್ಲಿ ತಾವು ಎಂದೂ ಸೊಪ್ಪಾಗಿ ಬಡಿಸಲ್ಪಟ್ಟವರಲ್ಲ. ತಾವು ಬರುವುದು ಒಣ ಸಿಗಡಿಯ ಜೊತೆ, ತೆಂಗಿನಕಾಯಿಯ ಮಸಾಲೆಯಲ್ಲಿ, ಎಟ್ಟಿ ಗಸಿ, ಅಂದರೆ ಸಿಗಡಿ ಗಸಿ, ಎಂಬ ಹೆಸರಿನಲ್ಲಿ. ಹಾಗಾಗಿ ಫಾರ್ಮಿನಲ್ಲೂ ತಾವು 'ಮೀನು' ಎಂಬ ಚೌಕದೊಳಗೆ ಮೀಸೆ ತಿರುವಿಕೊಂಡು ಕೂತಿರಿ. ಮಾನಸಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಚಿಕ್ಕಂದಿನಿಂದ ಆ ಗಸಿಯಲ್ಲಿ ಸಿಗಡಿಯನ್ನಷ್ಟೇ ಹೆಕ್ಕಿ ತಿಂದು ತಮ್ಮನ್ನು ತಟ್ಟೆಯ ಅಂಚಿಗೆ ತಳ್ಳಿದವಳು ಅವಳು.

ಕಡೆಗೆ ಅವಳ ಅಧ್ಯಯನದ ಗೈಡ್ ಸಾಹೇಬರು, ಹದಿನೇಳನೆಯವನು ಗುಂಪಿಗೆ ಸೇರದವನು, ಅವನ ಹೆಸರು ಹೊಡೆದುಹಾಕಿದರೆ ಲೆಕ್ಕ ಚೊಕ್ಕವಾಗುತ್ತದೆ, "ಡ್ರಾಪ್ ಕರ್ ದೋ" ಎಂದರು. ಹೊಡೆದುಹಾಕಿದ್ದರೆ ಹುಡುಗಿಯ ಕೆಲಸ ಅಂದೇ ಉಳಿಯುತ್ತಿತ್ತು. ಅವಳು, "ಸರ್, ಗೆರೆ ಹೊಡೆದರೆ ಮಾಮನ ರಕ್ತ ಸರಿಹೋಗುತ್ತದಾ?" ಎಂದು ಕೇಳಿದಳಂತೆ, ಅದೂ ಶುದ್ಧ ಮರಾಠಿಯಲ್ಲಿ. ಸಾಹೇಬರು ಒಂದು ತಿಂಗಳು ಕೊಟ್ಟರು. ಆ ಭಾನುವಾರ ಬೆಳಿಗ್ಗೆಯೇ ನಮ್ಮ ಅಡುಗೆಮನೆಯಲ್ಲಿ ಸ್ಟೂಲು ಹಾಕಿ ಕೂತು, ನನ್ನ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆದುಕೊಳ್ಳತೊಡಗಿದಳು.

ಹತ್ತೂವರೆಗೆ ಅಕ್ಕು ಕತ್ತಿ ಹಿಡಿದು ತಮ್ಮ ಬಳಿಗೆ ಬಂದಳು. ಒಂದು ಹೊರೆ ಕೊಯ್ದಳು. ಎಂದಿನಂತೆ ಹೊರೆಯ ಫೋಟೋ ತೆಗೆದು, 'ನಮ್ಮ ಬಸಳೆ' ಎಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಾನಸಿಯ ಕಿಸೆಯಲ್ಲಿ ಫೋನು ಟಿಂಗ್ ಎಂದಿತು. ಅವಳು ಫೋಟೋ ನೋಡಿದಳು, ತಮ್ಮನ್ನು ನೋಡಿದಳು, ಒಲೆಯ ಮೇಲಿನ ಪಾತ್ರೆ ನೋಡಿದಳು.

"ಮಾಮಿ, ಯೇ ಪತ್ತಾ ಎಟ್ಟಿ ಗಸಿಗೆ ಹಾಕ್ತೀರಾ?"

"ಮತ್ತೆ? ಬಸಳೆ ಇಲ್ಲದ ಎಟ್ಟಿ ಗಸಿ ಉಂಟಾ? ನಿನಗೆ ಸಿಗಡಿ ಮಾತ್ರ ಕಾಣುದು."

"ಒಂದು ಸಲ ಕೊಯ್ದರೆ ಮಾಮ ಎಷ್ಟು ದಿನ ತಿಂತಾರೆ?"

"ಐದು ದಿನ. ಮೊದಲ ದಿನಕ್ಕಿಂತ ಮೂರನೇ ದಿನ ರುಚಿ ಅಂತ ಪಾತ್ರೆ ಬಿಡುದಿಲ್ಲ ಅವರು. ಮತ್ತೆ ಚಿಗುರ್ಲಿಕ್ಕೆ ಇಪ್ಪತ್ತು ದಿನ ಬೇಕಲ್ಲ."

ಹುಡುಗಿ ವಾಟ್ಸಾಪ್ ಗುಂಪಿನಲ್ಲಿ ತಮ್ಮ ಹಳೆಯ ಫೋಟೋಗಳ ತಾರೀಖುಗಳನ್ನು ಒಂದೊಂದಾಗಿ ಹುಡುಕಿ, ನನ್ನ ಘಾಟಿಯ ಪಕ್ಕದಲ್ಲಿ ಬರೆದಳು. ತಮ್ಮನ್ನು ಕೊಯ್ದ ಪ್ರತಿ ವಾರವೂ ನಾನು ಕಣಿವೆಯಲ್ಲಿದ್ದೆ. ತಾವು ಚಿಗುರುತ್ತಿದ್ದಾಗಲೆಲ್ಲ, ಏರಿಸಿದ ಗುಳಿಗೆಗೆ ಎದುರಾಳಿಯೇ ಇಲ್ಲದೆ, ಶಿಖರದಲ್ಲಿದ್ದೆ. ನಾನು ಕಳ್ಳನಲ್ಲವೆಂದು ಆ ಕಾಗದ ಸಾರುತ್ತಿತ್ತು. ಅಕ್ಕು ಟಾರ್ಚನ್ನು ಡ್ರಾವರಿನಲ್ಲಿಟ್ಟಳು. ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಎರಡು ಮೀನು ಹೆಚ್ಚು ಹುರಿದಳು.

ತಮ್ಮನ್ನು ಬುಡಸಮೇತ ಕೀಳುತ್ತಾರೆಂದು ನಾನು ಒಳಗೊಳಗೇ ಶೋಕಸಭೆಯ ಭಾಷಣ ತಯಾರಿಸಿದ್ದೆ. ಆದರೆ ಮಾನಸಿ, "ಬಂದ್ ಮತ್ ಕರೋ ಮಾಮ, ಬರಾಬರ್ ಕರೋ" ಎಂದಳು. ನಿಲ್ಲಿಸುವುದು ಬೇಡ, ಒಂದೇ ಸಮ ಇರಲಿ, ಒಮ್ಮೆ ಹೊರೆ, ಒಮ್ಮೆ ಸೊನ್ನೆ ಆಗಬಾರದು. ಬುಧವಾರ ಒಂದು ಬಟ್ಟಲು, ಭಾನುವಾರ ಒಂದು ಬಟ್ಟಲು, ಅಷ್ಟಕ್ಕೆ ಸರಿಯಾಗಿ ಗುಳಿಗೆಯನ್ನು ಡಾಕ್ಟರೇ ಹೊಂದಿಸುತ್ತಾರೆ. ಡಾಕ್ಟರು ಅವಳ ಕಾಗದವನ್ನು ಎರಡು ಸಲ ಓದಿ, ಮೊದಲ ಬಾರಿಗೆ ಅವಳಿಗೆ ಕುರ್ಚಿ ತೋರಿಸಿದರಂತೆ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆಗಳಿವೆ. ಇನ್ನು ಮುಂದೆ ತಾವು ವಾರಕ್ಕೆ ಎರಡು ಬಟ್ಟಲಿನಷ್ಟೇ ಚಿಗುರತಕ್ಕದ್ದು. ಮಳೆ ಬಂತೆಂದು ಉಬ್ಬುವುದು, ಬಿಸಿಲೆಂದು ಮುನಿಯುವುದು ಕೂಡದು. ನಾಲ್ಕನೇ ಮಾಳಿಗೆಗೆ ಹತ್ತುವ ಮುನ್ನ ಅಲ್ಲಿನವರು ಏನು ಗುಳಿಗೆ ತಿನ್ನುತ್ತಾರೆಂದು ವಿಚಾರಿಸತಕ್ಕದ್ದು. ಮುಖ್ಯವಾಗಿ, ಬರುವ ಶನಿವಾರ ಅಧ್ಯಯನದ ನನ್ನ ಕೊನೆಯ ರಕ್ತಪರೀಕ್ಷೆ, ಅದರ ಮೇಲೆ ಹುಡುಗಿಯ ಮೇಜು ನಿಂತಿದೆ. ಇಂದು ಗುರುವಾರ, ನಿನ್ನೆಯ ಬಟ್ಟಲು ಮುಗಿದಿದೆ, ಮತ್ತು ತಾವು ಬೇಕೆಂದೇ ಅಂಗೈ ಅಗಲದ ಎಲೆಗಳನ್ನು ಕಿಟಕಿಯೊಳಗೆ ಚಾಚಿ ನಗುತ್ತಿದ್ದೀರಿ. ದಯವಿಟ್ಟು ಎರಡು ದಿನ ಆಚೆ ಮುಖ ಮಾಡಿ ನಿಲ್ಲಿ.

ತಮ್ಮ ಮೂರನೇ ದಿನದ ಗಸಿಯನ್ನು ಕನಸಿನಲ್ಲಿ ಮಾತ್ರ ಉಣ್ಣುತ್ತಿರುವ, ಟಿಕ್ ಟಿಕ್ ಎನ್ನುವ ಎದೆಯ,
ತಮ್ಮ ವಿಶ್ವಾಸಿ,
ವಸಂತಕುಮಾರ

ತಾ.ಕ.: ಶನಿವಾರದ ನಂಬರು 2.9. ಮೇಜು ಇನ್ನೊಂದು ವರ್ಷ ಉಳಿಯಿತು, ಫಾರ್ಮಿಗೆ 'ಮೀನಿನೊಳಗೆ ಏನೇನು ಹಾಕುತ್ತೀರಿ?' ಎಂಬ ಹೊಸ ಸಾಲು ಸೇರಿತು, ಚಿಲ್ಲರೆ ಕೇಳುವವರು ಹಾಗೆಯೇ ಬರುತ್ತಿದ್ದಾರೆ. ವರದಿಯಲ್ಲಿ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದಾರೆ, ನಾನು ಇನ್ನೂ ಬರೀ ಹದಿನೇಳು. ಅಂದಹಾಗೆ, ಗೈಡ್ ಸಾಹೇಬರು ಠಾಣೆ ನಗರದ ಮನೆಯ ಬಾಲ್ಕನಿಗೆಂದು ತಮ್ಮ ಒಂದು ಗೇಣು ದಂಟನ್ನು ಕೇಳಿ ಒಯ್ದಿದ್ದಾರೆ. ಅಲ್ಲಿ ತಾವು ಮನಸೋ ಇಚ್ಛೆ ಬೆಳೆಯಬಹುದು. ಸಾಹೇಬರಿಗೆ ಅರವತ್ತೊಂದು ತುಂಬಿತು, ನನ್ನ ಗುಳಿಗೆ ಅವರಿಗೂ ಬರಬಹುದಾದ ವಯಸ್ಸು, ನಲವತ್ತೊಂದನೇ ನಂಬರು ಖಾಲಿಯಿದೆ.