ಬಾಗಿಲ ಈಚೆ ನಿಂತವಳ ಅಪ್ ಅಂಡ್ ಡೌನ್

ನಮ್ಮ ಕ್ಯಾಂಪಸ್ಸಿಗೆ ಹೊಸಬರು ಬಂದರೆ ಮೊದಲು ಕೇಳುವುದು ಹೆಸರನ್ನಲ್ಲ. 'ಹಾಸ್ಟೆಲ್ಲಾ, ಅಪ್ ಅಂಡ್ ಡೌನಾ?' ಎಂದು ಕೇಳುತ್ತಾರೆ. ಹೆಸರು, ಊರು, ಅಪ್ಪನ ಕಸುಬು ಇವೆಲ್ಲ ಆಮೇಲೆ ನಿಧಾನವಾಗಿ ಗೊತ್ತಾಗುತ್ತವೆ, ಗೊತ್ತಾಗದಿದ್ದರೂ ನಡೆಯುತ್ತದೆ. ಹಾಸ್ಟೆಲ್ಲಿನವರು ಮೊದಲ ಪೀರಿಯಡ್ಡಿಗೆ ತಲೆಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ ಬರುತ್ತಾರೆ. ಅಪ್ ಅಂಡ್ ಡೌನಿನವರು ಬೇರೆಯವರ ಬೆವರನ್ನು ತಮ್ಮ ಬಟ್ಟೆಯಲ್ಲಿ ಹೊತ್ತು ತರುತ್ತಾರೆ. ಈ ಅಪ್ ಅಂಡ್ ಡೌನಿನಲ್ಲೂ ಒಳಪಂಗಡಗಳಿವೆ. ಹೊಳೆನರಸೀಪುರದವರು ರೈಲಿನಲ್ಲಿ ಬರುವುದರಿಂದ ಅವರಿಗೆ ಸ್ವಲ್ಪ ಗತ್ತು. ಚನ್ನರಾಯಪಟ್ಟಣದವರು ಹೆದ್ದಾರಿಯವರು, ಒಂದು ಬಸ್ಸು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂಬ ನಿಶ್ಚಿಂತೆ. ಅರಕಲಗೂಡಿನ ನಾವು ಮಾತ್ರ ರಾಮನಾಥಪುರದಲ್ಲೇ ತುಂಬಿಕೊಂಡು ಬರುವ ಬಸ್ಸಿನಲ್ಲಿ, ಇಬ್ಬರ ಮೊಣಕೈಗಳ ನಡುವೆ ಏನಾದರೂ ಜಾಗ ಉಳಿದಿದ್ದರೆ ಅದರೊಳಗೆ ಸೇರಿಕೊಂಡು ವಿದ್ಯಾವಂತರಾಗುವವರು.

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಮಾಡುವ ಒಂದು ಕೆಲಸವನ್ನು ನೀವು ಧೈರ್ಯವೆಂದು ತಪ್ಪು ತಿಳಿಯುವ ಸಂಭವವಿದೆ. ಬಿ.ಎಸ್ಸಿ.ಯಲ್ಲಿ ಬರ್ನರ್ ಹಚ್ಚಲು ಹೆದರಿ ಪಕ್ಕದ ಬೆಂಚಿನವರ ಕೈಯಲ್ಲಿ ಹಚ್ಚಿಸಿಕೊಂಡೇ ಮೂರು ವರ್ಷ ಕಳೆದವಳು ನಾನು. ಅಂಥವಳು ಎಂ.ಎಸ್ಸಿ.ಗೆ ಹಾಸನಕ್ಕೆ ದಿನಾ ಹೋಗಿಬರುವ ಧೈರ್ಯ ಮಾಡಿದ್ದು ಪವಿತ್ರಳಿಂದ. ಪವಿತ್ರ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನ ರಾಜಣ್ಣನವರ ಮಗಳು, ನನ್ನದೇ ಕ್ಲಾಸು. ಬಸ್ ಹತ್ತುವುದರಲ್ಲಿ ಅವಳು ಡಾಕ್ಟರೇಟ್ ಪಡೆದವಳು. ನಮ್ಮ ಕಡೆ ತುಂಬಿದ ಬಸ್ಸಿಗೆ ಮನುಷ್ಯ ಮೊದಲು ಹತ್ತುವುದಿಲ್ಲ, ಬ್ಯಾಗು ಹತ್ತುತ್ತದೆ. ಬ್ಯಾಗನ್ನು ಒಳಗೆ ತೂರಿಸಿಬಿಟ್ಟರೆ, 'ಬ್ಯಾಗು ಒಳಗದೆ, ಬುಡ್ರಪ್ಪ ದಾರಿಯ' ಎಂದು ಹಕ್ಕು ಚಲಾಯಿಸಬಹುದು. ಬ್ಯಾಗು ಒಳಗಿದ್ದವರನ್ನು ಹೊರಗೆ ಬಿಟ್ಟುಹೋಗುವಷ್ಟು ಕಟುಕರು ನಮ್ಮಲ್ಲಿ ಯಾರೂ ಇಲ್ಲ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಈ ಜನಸಾಗರದಲ್ಲಿ ಕಂಡಕ್ಟರ್ ಎಲ್ಲೋ ಹಿಂದಿನ ಸೀಟುಗಳ ಹತ್ತಿರ ಆಧಾರ್ ಕಾರ್ಡುಗಳ ನಡುವೆ ಮುಳುಗಿರುತ್ತಾರೆ. ಅವರ ವಿಸಿಲ್ ಮುಂದಿನವರೆಗೆ ಮುಟ್ಟುವುದಿಲ್ಲ. ಆದ್ದರಿಂದ ಸ್ಟಾಪಿನಲ್ಲಿ ಎಲ್ಲರೂ ಹತ್ತಿದ ಮೇಲೆ ಕೆಳಗೆ ನಿಂತ ಪುಣ್ಯಾತ್ಮರು ಯಾರಾದರೂ ಬಸ್ಸಿನ ಮೈಮೇಲೆ ಅಂಗೈಯಿಂದ ಪಟಪಟನೆ ಬಡಿಯುತ್ತಾರೆ. ಎಮ್ಮೆಯ ಬೆನ್ನು ತಟ್ಟಿದ ಹಾಗೆ. ಬಡಿದರೆ 'ರೈಟ್' ಎಂದರ್ಥ, ಬಸ್ಸು ಹೊರಡುತ್ತದೆ. ಕಳಿಸಲು ಬಂದವರು, ಬೀಡಿ ಸೇದುತ್ತ ನಿಂತವರು, ಬೇರೆ ಬಸ್ಸಿಗೆ ಕಾಯುತ್ತಿರುವವರು, ಎಲ್ಲರೂ ನಮ್ಮೂರಲ್ಲಿ ಈ ಸೇವೆಯನ್ನು ಸಂಬಳವಿಲ್ಲದೆ ಮಾಡುತ್ತಾರೆ. ನನಗೆ ಗೊತ್ತಿದ್ದ ಹಾಗೆ ಬಸ್ಸನ್ನು ಹೊರಡಿಸಲು ನಮ್ಮಲ್ಲಿ ಹೀಗೆ ಹತ್ತು ದಾರಿಗಳಿವೆ. ನಿಲ್ಲಿಸಲು ಏನಿದೆ ಎಂದು ಯಾರೂ ಯೋಚಿಸಿರಲಿಲ್ಲ.

ಆ ಸೋಮವಾರ ಬಂದದ್ದು ಹೊಸ ಬಸ್ಸು. ಡ್ರೈವರ್ ಗುಂಡಿ ಒತ್ತಿದರೆ ಉಸ್ ಎಂದು ತಾನೇ ಮುಚ್ಚಿಕೊಳ್ಳುವ ಗಾಜಿನ ಬಾಗಿಲು. ನಾನು ಹೇಗೋ ನುಗ್ಗಿ ಒಳಗಿನ ಮೆಟ್ಟಿಲ ಮೇಲೆ ನಿಂತೆ. ಪವಿತ್ರ ಪದ್ಧತಿಯಂತೆ ಬ್ಯಾಗು ತೂರಿಸಿದಳು. ಬ್ಯಾಗಿನ ಪಟ್ಟಿಯನ್ನು ಮೊಣಕೈಗೆ ಸುತ್ತಿಕೊಂಡು ಇನ್ನೇನು ಕಾಲಿಡಬೇಕು, ಉಸ್ ಎಂದಿತು. ಬ್ಯಾಗು ಒಳಗೆ, ಪವಿತ್ರ ಹೊರಗೆ, ನಡುವೆ ಬಾಗಿಲು. ಬಸ್ಸು ಚಲಿಸಿತು. ಗಾಜಿನ ಆಚೆ ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಮೊದಲು ನಗುತ್ತಿತ್ತು. ಆಮೇಲೆ ನಡೆಯುತ್ತಿತ್ತು. ಆಮೇಲೆ ಓಡುತ್ತಿತ್ತು. ನಗು ಯಾವಾಗ ಹೋಯಿತೋ ನಾನು ನೋಡಲಿಲ್ಲ, ನೋಡಿದಾಗ ಇರಲಿಲ್ಲ.

ನಾನು ಕೂಗಬೇಕಿತ್ತು. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಹೊರಗಿದ್ದ ಜನ ನನ್ನ ಹಾಗಲ್ಲ, ಕಷ್ಟಕ್ಕೆ ಒದಗುವವರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ಓಡಿಬಂದು ಬಸ್ಸನ್ನು ನಿಲ್ಲಿಸಲೆಂದು ಎರಡೂ ಕೈಗಳಿಂದ ಅದರ ಮೈಮೇಲೆ ಬಡಿಯತೊಡಗಿತು. ಪಟಪಟ ಪಟಪಟ. ಡ್ರೈವರ್ ತಮ್ಮ ಸರ್ವಿಸಿನಲ್ಲೇ ಅಷ್ಟು ಉತ್ಸಾಹದ 'ರೈಟ್' ಕೇಳಿರಲಿಕ್ಕಿಲ್ಲ. ಗೇರು ಬದಲಿಸಿದರು. ಜನ ಇನ್ನೂ ಜೋರಾಗಿ ಬಡಿದರು. ಅವರು ಇನ್ನೊಂದು ಗೇರು ಹಾಕಿದರು. ಪವಿತ್ರಳ ಮುಖ ಗಾಜಿನಿಂದ ಕೆಳಗಿಳಿಯಿತು, ಪಟ್ಟಿ ಬಿಗಿಯಿತು.

ನಿಲ್ಲಿಸಿದ್ದು ಬಾನೆಟ್ಟಿನ ಮೇಲೆ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ. ಡ್ರೈವರರ ಕಾಲರು ಹಿಡಿದು ಜಗ್ಗಿ, 'ನಿಲ್ಸಲಾ, ಎಣ್ಮಗೀನ ದನ ಎಳ್ದಂಗೆ ಎಳ್ಕಂಡೋಯ್ತಿದ್ದೀಯಲ್ಲಲಾ' ಅಂದಳು. ಬ್ರೇಕಿಗೆ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಬಾಗಿಲು ಉಸ್ ಎಂದು ತೆರೆದಾಗ ಪವಿತ್ರ ನೆಲದಲ್ಲಿ ಕೂತಿದ್ದಳು. ಹಿಂದಿನ ಚಕ್ರ ಅವಳ ಚಪ್ಪಲಿಯಿಂದ ಎಷ್ಟು ದೂರವಿತ್ತೆಂಬುದನ್ನು ನಾನು ಬರೆಯುವುದಿಲ್ಲ. ಮಂಡಿ ತರಚಿತ್ತು, ಮೊಣಕೈಯಲ್ಲಿ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಅವಳು ಎದ್ದು, ಚೂಡಿದಾರ ಕೊಡವಿ, ಮೆಟ್ಟಿಲು ಹತ್ತಿ ನನ್ನನ್ನು ಕೇಳಿದಳು: 'ಬ್ಯಾಗಲ್ಲಿ ಪುಳಿಯೋಗರೆ ಚೆಲ್ಲೋಯ್ತೇನೆ? ನೋಡೆ ಒಸಿ.' ಕೆಳಗಿನಿಂದ ಯಾರೋ ಬಸ್ಸಿನ ಮೈ ಬಡಿದರು. ನಾವು ಹೊರಟೆವು.

ಗೊರೂರು ದಾಟುವವರೆಗೆ ನಾನು ಅಳುತ್ತಿದ್ದೆ, ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ನೋಡಿದವರೆಲ್ಲ ಬಿದ್ದವಳು ನಾನೇ ಎಂದು ತಿಳಿದು ನನಗೆ ಸೀಟು ಬಿಟ್ಟುಕೊಟ್ಟರು. ಮಂಡಿ ತರಚಿದವಳು ನಿಂತೇ ಬಂದಳು.

ಅಂದಿನಿಂದ ಶುರುವಾದದ್ದು ನನ್ನ ಕಾಯಿಲೆ. ಕುಕ್ಕರು ಉಸ್ ಎಂದರೆ ನಾನು ಗೋಡೆ ಹಿಡಿಯುತ್ತೇನೆ. ಅಮ್ಮ ರೊಟ್ಟಿ ಬಡಿದರೆ ಎದೆ ಬಡಿಯುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಗಾಜಿನ ಆಚೆ ಆ ಮುಖ ಓಡತೊಡಗುತ್ತದೆ. ಪ್ರತಿ ಸಲವೂ ನಾನು ಈ ಸಲವಾದರೂ ಕೂಗುತ್ತೇನೆ ಎಂದುಕೊಳ್ಳುತ್ತೇನೆ. ಒಮ್ಮೆ ನಿಜಕ್ಕೂ ಕೂಗಿದೆ, 'ನಿಲ್ಸಿ' ಅಂತ. ಮೇಷ್ಟ್ರು ಪಾಪ, ಸೀಮೆಸುಣ್ಣ ಕೆಳಗಿಟ್ಟು, 'ಎಲ್ಲಿಂದ ಅರ್ಥ ಆಗ್ಲಿಲ್ಲಮ್ಮ?' ಎಂದು ಕೇಳಿದರು.

ಹಾಸ್ಟೆಲ್ ಸೇರಿಬಿಡುತ್ತೇನೆ ಎಂದು ಪವಿತ್ರಳಿಗೆ ಹೇಳಿದೆ. ಅವಳ ಪರಿಸ್ಥಿತಿ ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ಹಾಸ್ಟೆಲ್ ಸೇರುವಂತಿಲ್ಲ. ಅವರಮ್ಮನಿಗೆ ಹಿಟ್ಟಿನ ಧೂಳು ಆಗಿಬರುವುದಿಲ್ಲ, ಸಂಜೆ ಮಿಲ್ಲಿನಲ್ಲಿ ಅಪ್ಪನ ಜೊತೆ ಅವಳೇ ನಿಲ್ಲಬೇಕು. ಒಬ್ಬಳೇ ಓಡಾಡಲು ರಾಜಣ್ಣನವರು ಬಿಡುವುದಿಲ್ಲ. ಅಡ್ಮಿಶನ್ನಿನ ದಿನವೇ ನನ್ನ ಮುಂದೆ ಅವರು, 'ಇಬ್ರು ಇದ್ದೀರಿ ಅಂತ ಕಳುಸ್ತಿವ್ನಿ' ಎಂದಿದ್ದರು. ಬಾಗಿಲಿನ ವಿಷಯ ಅವರಿಗೆ ಗೊತ್ತೇ ಇಲ್ಲ, ಸ್ಟ್ಯಾಂಡಿನಲ್ಲಿ ಓಡಿಬಂದವರಿಗೆ ಅವಳು ಯಾರ ಮಗಳೆಂದು ಗೊತ್ತಿರಲಿಲ್ಲ. ಮಂಡಿಯ ಗಾಯ ಬ್ಯಾಡ್ಮಿಂಟನ್ನಿನದೆಂದು ಮನೆಯಲ್ಲಿ ಹೇಳಿದ್ದಳು.

'ನೀನು ಹಾಸ್ಟೆಲ್ ಸೇರಿದ್ರೆ ನಂದು ಮುಗೀತು ಕಣೆ. ಆದ್ರೆ ನಂಗೋಸ್ಕರ ಬಸ್ ಹತ್ಬೇಡ' ಅಂದಳು ಪವಿತ್ರ. ಎರಡನೆಯ ವಾಕ್ಯ ಹೇಳದೆ ಇದ್ದಿದ್ದರೆ ನಾನು ಆರಾಮವಾಗಿ ಅವಳ ಮೇಲೆ ಸಿಟ್ಟು ಮಾಡಿಕೊಂಡು ಹಾಸ್ಟೆಲ್ ಸೇರಬಹುದಿತ್ತು.

ಆದರೂ ಶನಿವಾರ ಅಮ್ಮನೊಂದಿಗೆ ಹಾಸ್ಟೆಲ್ ನೋಡಲು ಹೋದೆ. ಒಳ್ಳೆಯ ಕಟ್ಟಡ, ಸುತ್ತ ನೀಲಗಿರಿ ಮರ, ಹಿಂದೆ ಲಂಟಾನದ ಪೊದೆ. ಬಸ್ಸಿನ ಸದ್ದಿಲ್ಲ. ನನ್ನ ಪಾಲಿಗೆ ಸ್ವರ್ಗ. ಅಷ್ಟರಲ್ಲಿ ವಾರ್ಡನ್ ಮೇಡಂ ಹಾಸಿಗೆ, ಬಕೆಟ್ಟುಗಳ ವಿಷಯ ಹೇಳುತ್ತ ಹೇಳುತ್ತ ಅದೇ ದನಿಯಲ್ಲಿ, 'ಸಂಜೆ ಆದ್ಮೇಲೆ ಮೆಸ್ಸಿಗೆ ಒಬ್ಬೊಬ್ರೇ ಹೋಗೋ ಹಾಗಿಲ್ಲ, ಚಿರತೆ ಓಡಾಡುತ್ತೆ' ಅಂದರು.

ಅಮ್ಮ ಸೆರಗು ಬಿಗಿ ಮಾಡಿಕೊಂಡು, 'ಎಂಥದ್ದು?' ಅಂದರು.

'ಚಿರತೆ. ಏನೂ ಮಾಡಲ್ಲ, ಅದು ಬರೋದು ನಾಯಿಗಳಿಗೆ. ಹುಡುಗೀರು ಗುಂಪಾಗಿ ತಟ್ಟೆ ಬಡ್ಕೊಂಡು ಹೋಗ್ತಾರೆ, ಸದ್ದಿಗೆ ದೂರ ಹೋಗುತ್ತೆ.'

'ನಾಯಿ ಯಾವ್ದು ಎಣ್ಮಗಳು ಯಾವ್ದು ಅಂತ ಕತ್ಲಲ್ಲಿ ಅದುಕ್ಕೆ ಎಂಗವ್ವಾ ಗೊತ್ತಾಯ್ತದೆ?' ಎಂದು ಅಮ್ಮ ಕೇಳಿದರು. ಮೇಡಂ ಮತ್ತೆ ಬಕೆಟ್ಟಿನ ವಿಷಯಕ್ಕೆ ಹೋದರು. ನಾನಂತೂ ಚಿರತೆಯನ್ನು ಬಿಟ್ಟು ತಟ್ಟೆಯ ಬಗ್ಗೆ ಯೋಚಿಸುತ್ತಿದ್ದೆ. ಬಡಿದರೆ ದೂರ ಹೋಗಬೇಕು ಎಂದು ಚಿರತೆಗೆ ಯಾರು ಹೇಳಿಕೊಟ್ಟಿದ್ದಾರೆ? ಬಡಿತವನ್ನು ಅದೂ 'ರೈಟ್' ಎಂದು ತಿಳಿದರೆ? ಆದರೂ ಇನ್ನೊಂದು ಲೆಕ್ಕವೂ ಮನಸ್ಸಿನಲ್ಲಿ ನಡೆದಿತ್ತು. ಚಿರತೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಬಸ್ಸು ದಿನಾ ಬರುತ್ತದೆ. ನಾನು ಚಿರತೆಯನ್ನೇ ಆರಿಸಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ರಾಜಣ್ಣನವರು ಬಂದರು. ರೆಪ್ಪೆಯ ಮೇಲೂ ಹಿಟ್ಟು. ಅವರ ಹಿಂದೆ ಬಾಗಿಲಲ್ಲಿ ಪವಿತ್ರ ನಿಂತಿದ್ದಳು.

'ಏನವ್ವಾ ಚೈತ್ರ, ಆಸ್ಟ್ಲು ಸೇರ್ತೀಯಂತೆ?'

ನಾನು ನೆಲ ನೋಡಿದೆ.

'ಬ್ಯಾಡ ಅನ್ನಾಕೆ ನಾನ್ಯಾರು. ನಿನ್ ಓದು ನಿಂದು. ನೀನು ಸೇರ್ಕಂಡ್ರೆ ಇವಳ್ನ ಈ ತಿಂಗ್ಳಿಗೇ ಬುಡಿಸ್ಬುಡ್ತೀನಿ, ಅದ್ನ ಕೇಳ್ಕಂಡೋಗುವಾ ಅಂತ ಬಂದೆ. ಮಿಲ್ಲಲ್ಲಿ ಇರ್ತಾಳೆ. ಅಲ್ಲ, ಇದ್ದಕ್ಕಿದ್ದಂಗೆ ಯಾಕೆ? ಬಸ್ಸಲ್ಲಿ ಯಾವನಾದ್ರು ಏನಾರ ಅಂದ್ನಾ? ಏನಾರ ಆಯ್ತಾ?'

ಪವಿತ್ರ ಅಪ್ಪನ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಅದೇ ಮುಖ. ಈ ಸಲ ಗಾಜಿರಲಿಲ್ಲ. ನಿಜ ಹೇಳಿದರೆ ಅವಳ ಓದು ಇವತ್ತೇ ನಿಲ್ಲುತ್ತದೆ. ಸುಳ್ಳು ಹೇಳಿ ಹಾಸ್ಟೆಲ್ ಸೇರಿದರೆ ತಿಂಗಳ ಕೊನೆಗೆ ನಿಲ್ಲುತ್ತದೆ. ಇಷ್ಟು ದಿನ ಕೂಗಬೇಕು ಕೂಗಬೇಕು ಎಂದು ಒಳಗೇ ಅಭ್ಯಾಸ ಮಾಡಿದ್ದ ಗಂಟಲು ಆಗ ಹೇಗೋ ತೆರೆದುಕೊಂಡಿತು. ಬಂದದ್ದು ಮಾತ್ರ ಅಂಥ ವೀರವಾಣಿಯೇನಲ್ಲ.

'ಇಲ್ಲ ಮಾಮ, ಸೇರಲ್ಲ. ಅಲ್ಲಿ ಚಿರತೆ ಐತೆ.'

ರಾಜಣ್ಣನವರು ರೆಪ್ಪೆಯ ಹಿಟ್ಟು ಉದುರುವ ಹಾಗೆ ನಕ್ಕರು. 'ಅಯ್ ನಿನ್ನ! ಎಮ್ಮೆಸ್ಸಿ ಓದೋಳು ಚಿರ್ತೆಗೆ ಎದರ್ಕಂಡ್ಲಂತೆ. ಚೆನ್ನಾಗದೆ ಕಣವ್ವಾ.' ಅಮ್ಮ ಕಾಫಿ ತಂದುಕೊಟ್ಟು, ಮೇಡಂ ಹೇಳಿದ್ದನ್ನೆಲ್ಲ ತಮ್ಮ ಕಡೆಯಿಂದ ಇನ್ನೊಂದು ಚಿರತೆ ಸೇರಿಸಿ ವಿವರಿಸಿದರು. ಮಧ್ಯಾಹ್ನದೊಳಗೆ ಮಿಲ್ಲಿಗೆ ರಾಗಿ ತಂದವರಿಗೆಲ್ಲ ಸುದ್ದಿ ಗೊತ್ತಾಗಿತ್ತು. ಈಗ ನಾನು ಬೀದಿಯಲ್ಲಿ ಹೋದರೆ ಮಕ್ಕಳು ಗುರ್ ಎನ್ನುತ್ತಾರೆ.

ಹೀಗೆ ನಾನು ಅಪ್ ಅಂಡ್ ಡೌನಿನವಳಾಗಿಯೇ ಉಳಿದೆ. ಭಯ ಕಡಿಮೆಯಾಗಿದೆಯೇ ಎಂದು ಕೇಳಬೇಡಿ. ಬಾಗಿಲು ಮುಚ್ಚುವಾಗ ಈಗಲೂ ಕಣ್ಣು ಮುಚ್ಚುತ್ತೇನೆ, ಬಸ್ಸಿನ ಮೈ ಬಡಿದರೆ ಕಂಬಿಗೆ ಜೋತುಬೀಳುತ್ತೇನೆ. ಆಗೆಲ್ಲ ಪವಿತ್ರ, 'ಬಾಗ್ಲು ಮುಚ್ತು, ನಾನು ಒಳಗೇ ಇದೀನಿ, ಕಣ್ ಬುಡು' ಎಂದು ಕಿವಿಯಲ್ಲಿ ಹೇಳುತ್ತಾಳೆ. ಅವಳು ಹೇಳುವವರೆಗೆ ನಾನು ಕಣ್ಣು ಬಿಡುವುದಿಲ್ಲ.

ರಾಜಣ್ಣನವರಿಗೆ ಇದೇನೂ ತಿಳಿಯದು. ಚಿರತೆಯ ವಿಷಯದಲ್ಲಿ ಹೇಗೇ ಇರಲಿ, ಬಸ್ಸಿನ ಮಟ್ಟಿಗೆ ನಾನು ಗಟ್ಟಿ ಹುಡುಗಿ ಎಂದು ಅವರ ನಂಬಿಕೆ. ನಿನ್ನೆ ಬೆಳಿಗ್ಗೆ ಸ್ಟ್ಯಾಂಡಿಗೆ ತಾವೇ ಬಂದಿದ್ದರು. ನಾವು ಹತ್ತಿದ ಮೇಲೆ ಕಿಟಕಿಯ ಹತ್ತಿರ ಬಂದು, ಅಕ್ಕಪಕ್ಕದವರಿಗೂ ಕೇಳುವ ಹಾಗೆ, 'ನೀನಿದ್ದೀಯ ಅನ್ನೋದೇ ನಂಗೆ ಧೈರ್ಯ ಕಣವ್ವಾ ಚೈತ್ರ. ಇವಳ ಕೈ ಮಾತ್ರ ಬುಡ್ಬ್ಯಾಡ' ಅಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಹಾಸನ ಬರುವವರೆಗೆ ಬಿಡಲಿಲ್ಲ. ಬಿಡುವಷ್ಟು ಧೈರ್ಯ ನನಗೆಲ್ಲಿದೆ.